ಶ್ರಾವಣ ಸೋಮವಾರ ತೆಗೆದ ರಕ್ತ

ನಿವೃತ್ತಳಾಗಿ ಎರಡು ವರ್ಷವಾಗುತ್ತ ಬಂತು. ಈಗಲೂ ಬಸ್ಸಿನಲ್ಲಿ ಎದುರಿಗೆ ಕೂತವರ ಮುಖ ನೋಡುವ ಮೊದಲು ನನ್ನ ಕಣ್ಣು ಅವರ ಮೊಣಕೈಯ ಒಳಭಾಗಕ್ಕೆ ಹೋಗುತ್ತದೆ. ನರ ಉಬ್ಬಿ ಕಾಣುತ್ತಿದ್ದರೆ ಖುಷಿ. ಕಾಣದಿದ್ದರೆ ಇವರಿಗೆ ಸೂಜಿ ಎಲ್ಲಿ ಚುಚ್ಚಬೇಕು ಎಂದು ಚಿಂತೆ ಹತ್ತುತ್ತದೆ. ಒಮ್ಮೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಸೆರಗು ಎಳೆದುಕೊಂಡು, "ಏನ್ ನೋಡ್ತೀರಿ ಹಂಗ?" ಎಂದು ಜಗಳಕ್ಕೇ ಬಂದಳು. ಲ್ಯಾಬಿನಲ್ಲಿ ಕೆಲಸ ಮಾಡಿದವಳು ಎಂದು ಹೇಳಿ ಕೈಮುಗಿದೆ. ಪುಣ್ಯಕ್ಕೆ ನಕ್ಕಳು.

ನನಗೆ ಹುಟ್ಟಿದಾಗಿನಿಂದ ಒಂದು ಕಡೆ ಕೂತು ಗೊತ್ತಿಲ್ಲ. ನಮ್ಮೂರು ಗುಂಜಹಳ್ಳಿಯಲ್ಲಿ ಅವ್ವ ಕಳೆ ತೆಗೆಯಲು ಹೋಗುವಾಗ ನನ್ನನ್ನು ಬದುವಿನ ಮೇಲೆ ಕೂರಿಸಿ ಹೋದರೆ, ಸಾಲಿನ ಆ ತುದಿಯಲ್ಲಿ ಅವಳಿಗಿಂತ ಮೊದಲು ನಾನಿರುತ್ತಿದ್ದೆನಂತೆ. ಇಂಥವಳು ಸೇರಿದ್ದು ಕಾಯುವುದನ್ನೇ ಬೇಡುವ ಕೆಲಸಕ್ಕೆ. ಲ್ಯಾಬ್ ಟೆಕ್ನಿಷಿಯನ್ ಆಗಿ ಹೊಸದಾಗಿ ಸೇರುತ್ತಿರುವ ಮಕ್ಕಳೇ, ನಿಮಗೆ ನಾನು ಹೇಳಬೇಕೆಂದಿರುವುದು ಈ ಅವಸರದ ವಿಷಯವೇ. ಬಡ್ತಿ, ಸನ್ಮಾನ, ಶಾಲು, ಹಾರ ಎಲ್ಲ ನಿಮಗೂ ಸಿಗುತ್ತವೆ, ಅದನ್ನು ಬರೆದು ಏನು ಮಾಡಲಿ.

ನಾನು ರಾಯಚೂರಿನ ಆಸ್ಪತ್ರೆಯ ಲ್ಯಾಬಿಗೆ ಸೇರಿದಾಗ ಗಾಜಿನ ಸಿರಿಂಜುಗಳಿದ್ದವು. ಸ್ಟವ್ ಮೇಲೆ ಕುದಿಸಿ, ಮೊಂಡಾದ ಸೂಜಿಯನ್ನು ಸಣ್ಣ ಕಲ್ಲಿಗೆ ಉಜ್ಜಿ ಚೂಪು ಮಾಡಿ ಮತ್ತೆ ಬಳಸುತ್ತಿದ್ದೆವು. ರಕ್ತದ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಎಣಿಸಬೇಕಿತ್ತು. ನನಗೆ ಕೆಲಸ ಕಲಿಸಿದ ಹಿರಿಯರು ಖಾದರ್ ಸಾಬ್. ಮೊದಲ ವಾರದಲ್ಲೇ ನಾನು ರಕ್ತ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಟ್ಯೂಬುಗಳನ್ನು ತಿರುಗುವ ಯಂತ್ರಕ್ಕೆ ಹಾಕಿದೆ. ಮೇಲೆ ತಿಳಿಯಾದ ಸೀರಂ ನಿಲ್ಲಬೇಕಿದ್ದಲ್ಲಿ ಲೋಳೆ ಲೋಳೆಯಾಗಿ ಏನೋ ನಿಂತಿತು. ಸಾಬರು ಟ್ಯೂಬನ್ನು ಬೆಳಕಿಗೆ ಹಿಡಿದು, "ರಕ್ತಕ್ಕ ಅವಸರ ಇಲ್ಲ ಬೇಟಿ, ನಿಂಗ್ಯಾಕ ಇಷ್ಟು ಜಲ್ದಿ?" ಎಂದರು. ಅಷ್ಟೂ ಜನರನ್ನು ಮತ್ತೆ ಕರೆಸಿ ಮತ್ತೆ ಚುಚ್ಚಬೇಕಾಯಿತು. ಅವತ್ತು ಬೈಸಿಕೊಂಡದ್ದು ಸಾಬರಿಂದಲ್ಲ, ಆ ಜನರಿಂದ.

ಆಮೇಲೆ ದೇವದುರ್ಗದ ಒಂದು ಶಿಬಿರ. ಬಸುರಿಯರ ರಕ್ತ ಪರೀಕ್ಷೆ. ಒಂದೇ ಓಣಿಯಿಂದ ಇಬ್ಬರು ಹುಲಿಗೆಮ್ಮಂದಿರು ಬಂದಿದ್ದರು. ನಾನು ಹೆಸರೊಂದನ್ನೇ ಬರೆದುಕೊಂಡು ಒಬ್ಬಳ ಚೀಟಿಯನ್ನು ಇನ್ನೊಬ್ಬಳಿಗೆ ಕೊಟ್ಟೆ. ರಕ್ತ ಕಡಿಮೆ ಇದ್ದವಳು ಗಟ್ಟಿಮುಟ್ಟಾಗಿದ್ದೇನೆ ಎಂದು ಮನೆಗೆ ಹೋದಳು, ಗಟ್ಟಿಮುಟ್ಟಾದವಳು ಕಬ್ಬಿಣದ ಗುಳಿಗೆ ತೆಗೆದುಕೊಂಡು ಹೋದಳು. ರಾಯಚೂರಿಗೆ ಬಂದು ಸರದಿ ಬರೆದ ಪುಸ್ತಕ ತಿರುವುವಾಗ ತಪ್ಪು ಗೊತ್ತಾಯಿತು. ಮರುದಿನ ಮೊದಲ ಬಸ್ಸಿಗೆ ಹೋಗಿ, ಓಣಿ ಹುಡುಕಿ ಚೀಟಿ ಬದಲಿಸಿ ಬಂದೆ. ಅಂದಿನಿಂದ ಟ್ಯೂಬಿನ ಮೇಲೆ ಗಂಡನ ಹೆಸರು, ಓಣಿಯ ಹೆಸರು ಎರಡನ್ನೂ ಬರೆಯುತ್ತ ಬಂದೆ. ಈಗ ಯಂತ್ರವೇ ಬಾರ್‌ಕೋಡಿನ ಗೆರೆಗೆರೆ ಚೀಟಿ ಅಂಟಿಸುತ್ತದೆ. ಒಳ್ಳೆಯದೇ. ಆದರೆ ನಾನು ಹೇಳಹೊರಟಿರುವ ತಪ್ಪನ್ನು ಆ ಗೆರೆಗೆರೆ ಚೀಟಿಯೂ ತಡೆಯುತ್ತಿರಲಿಲ್ಲ.

ನಿವೃತ್ತಿಗೆ ಒಂದು ವರ್ಷವಿದ್ದಾಗ ಡಾಕ್ಟರ್ ಭಾಗ್ಯಶ್ರೀ ನಮ್ಮ ಮೆಡಿಕಲ್ ಕಾಲೇಜಿನ ವಿಭಾಗಕ್ಕೆ ಸಂಶೋಧನೆಗೆ ಬಂದರು. ಮಲ್ಲಟದವರು. ಅವರ ಅವ್ವ ಆಗಲೂ ಕೂಲಿಗೆ ಹೋಗುತ್ತಿದ್ದರು. ಆ ಮನೆತನದಲ್ಲಿ ಡಾಕ್ಟರಾದವರು ಇವರೇ ಮೊದಲು. ನನ್ನನ್ನು ಮೊದಲ ದಿನದಿಂದಲೂ "ನಾಗಮ್ಮಕ್ಕ" ಎಂದೇ ಕರೆದರು. ವಯಸ್ಸು ಮೂವತ್ತೂ ಆಗಿರಲಿಲ್ಲ, ಮುಪ್ಪಿನ ಬಗ್ಗೆ ಸಂಶೋಧನೆ.

"ಇನ್ನೂ ಹಲ್ಲು ಗಟ್ಟಿ ಅದಾವ, ಮುಪ್ಪಿನ ಫಿಕರ್ ಯಾಕ್ರೀ ನಿಮಗ?" ಎಂದು ಕಾಡಿಸಿದೆ.

"ನಂಗಲ್ರೀ ಅಕ್ಕಾ, ನಿಮಗ," ಎಂದರು.

ವಿಷಯ ಹೀಗೆ. ನಮ್ಮ ರಕ್ತದಲ್ಲಿ ಕ್ಲೋತೋ ಎಂಬ ಪ್ರೋಟೀನು ಇರುತ್ತದೆ. ಬಹುಪಾಲು ಮೂತ್ರಪಿಂಡದಲ್ಲಿ ತಯಾರಾಗುತ್ತದೆ. ವಯಸ್ಸಾದಂತೆ ಕಡಿಮೆಯಾಗುತ್ತ ಹೋಗುತ್ತದೆ. ಅದಿಲ್ಲದೆ ಹುಟ್ಟಿದ ಇಲಿಗಳು ಬೇಗ ಮುದಿಯಾಗುತ್ತವೆಯಂತೆ. ದಿನಾ ತಪ್ಪದೆ ವ್ಯಾಯಾಮ ಮಾಡಿದರೆ ಅದು ಏರುತ್ತದೆ ಎಂದು ಓದಿದವರು ಹೇಳುತ್ತಾರೆ. ನಮ್ಮ ಕಡೆಯ ಜನರಲ್ಲಿ, ಅದರಲ್ಲೂ ಕೂತು ದುಡಿಯುವ ಐವತ್ತು ದಾಟಿದವರಲ್ಲಿ ಏರುತ್ತದೆಯೋ ಇಲ್ಲವೋ ನೋಡಬೇಕು ಎಂಬುದು ಅವರ ಹಟ. ಮಾನ್ವಿಯಲ್ಲಿ ಅಕ್ಕಿ ಗಿರಣಿಯವರು, ಅಂಗಡಿಯವರು, ದೇವದುರ್ಗದಲ್ಲಿ ಮಾಸ್ತರರು, ಕಚೇರಿಯವರು ಹೆಸರು ಕೊಟ್ಟರು. ಎರಡೂ ಊರಲ್ಲಿ ಅರ್ಧ ಜನ ಹನ್ನೆರಡು ವಾರ ಬಿರುಸಿನ ನಡಿಗೆ ಮತ್ತು ವ್ಯಾಯಾಮ ಮಾಡಬೇಕು, ಉಳಿದರ್ಧ ಜನ ಇದ್ದ ಹಾಗೆಯೇ ಇರಬೇಕು. ಮೊದಲೊಮ್ಮೆ, ಕೊನೆಗೊಮ್ಮೆ ರಕ್ತ ತೆಗೆಯಬೇಕು. ತೆಗೆಯುವವಳು ನಾನು.

ನಿಯಮಗಳನ್ನು ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ಬರಬೇಕು. ಎರಡು ದಿನ ಮೊದಲೇ ವ್ಯಾಯಾಮ ನಿಲ್ಲಿಸಿರಬೇಕು. ಬಂದವರು ಅರ್ಧ ಗಂಟೆ ಸುಮ್ಮನೆ ಕೂರಬೇಕು, ಆಮೇಲೆಯೇ ಸೂಜಿ. ಏಕೆಂದರೆ ಆಗಷ್ಟೇ ದಣಿದು ಬಂದ ಮೈಯಲ್ಲಿ ಈ ಪ್ರೋಟೀನು ಕೆಲ ಹೊತ್ತು ತಾನಾಗಿಯೇ ಏರಿರುತ್ತದೆ. ನಮಗೆ ಬೇಕಾದದ್ದು ಹನ್ನೆರಡು ವಾರದ ಫಲ, ಆ ಬೆಳಗಿನದಲ್ಲ.

ಮೇ ತಿಂಗಳಲ್ಲಿ ಶುರುವಾಯಿತು. ನಮ್ಮ ಕಡೆಯ ಮೇ ತಿಂಗಳು ಗೊತ್ತಲ್ಲ, ಬೆಳಗಿನ ಏಳಕ್ಕೇ ಕಲ್ಲು ಕಾಯುತ್ತದೆ. ನಡಿಗೆಯವರು ಐದಕ್ಕೇ ಶಾಲೆಯ ಮೈದಾನಕ್ಕೆ ಬರಬೇಕಿತ್ತು. ಮಾನ್ವಿಯ ಗುಂಪಿಗೆ ತಾನೇ ಮುಂದಾಳಾಗಿ ನಿಂತವರು ಗಿರಣಿಯ ಶರಣಪ್ಪ. ಅರವತ್ತರ ಹತ್ತಿರದ ಭಾರಿ ಆಳು, ಹಣೆತುಂಬ ವಿಭೂತಿ. ಮೊದಲ ವಾರ ಮೈದಾನದ ಒಂದು ಸುತ್ತಿಗೇ ಕಂಬ ಹಿಡಿದು ನಿಂತು, "ಡಾಕ್ಟ್ರೇ, ಈ ವಯಸ್ಸಿಗೆ ನಮ್ಮನ್ನ ಪೊಲೀಸ್ ಭರ್ತಿ ಮಾಡಾಕತ್ತೀರೇನು?" ಎಂದವರು, ಎಂಟನೇ ವಾರಕ್ಕೆ ಹಿಂದೆ ಬಿದ್ದವರನ್ನು ಕೂಗಿ ಕೂಗಿ ಎಳೆದುಕೊಂಡು ಹೋಗತೊಡಗಿದರು. ನಾನು ನಾಡಿ ಎಣಿಸಲು ವಾರಕ್ಕೊಮ್ಮೆ ಹೋಗುತ್ತಿದ್ದೆ. ನಿಲ್ಲಲಾಗದೆ ನಾನೂ ಅವರ ಜೊತೆ ಎರಡು ಸುತ್ತು ಹಾಕಿಬಿಡುತ್ತಿದ್ದೆ.

ಕೊನೆಯ ರಕ್ತ ತೆಗೆಯುವ ದಿನ ಗೊತ್ತು ಮಾಡುವ ಕೆಲಸವನ್ನು ಡಾಕ್ಟರು ನನಗೇ ಬಿಟ್ಟರು. ದೇವದುರ್ಗಕ್ಕೆ ಒಂದು ಗುರುವಾರ ಹೋಗಿ ಮುಗಿಸಿದೆವು. ಅಲ್ಲಿ ಖಾಲಿ ಹೊಟ್ಟೆಯ ಕಾಟ ಸಾಕಾಗಿತ್ತು. ಒಬ್ಬರು ಚಹಾ ಕುಡಿದು ಬಂದಿದ್ದರು, ಇನ್ನೊಬ್ಬರು ಒಂದೇ ಒಂದು ಮಿರ್ಚಿ ಎಂದು ಒಪ್ಪಿಕೊಂಡರು. ಅವರನ್ನೆಲ್ಲ ಮರುದಿನ ಮತ್ತೆ ಕರೆಸಬೇಕಾಯಿತು. ಬಸ್ಸಿನಲ್ಲಿ ಬರುವಾಗ ನನಗೊಂದು ಉಪಾಯ ಹೊಳೆಯಿತು. ಮಾನ್ವಿಯವರೆಲ್ಲ ಶಿವಭಕ್ತರು. ಶ್ರಾವಣ ಸೋಮವಾರ ಇಟ್ಟರೆ ಆಯಿತಲ್ಲ! ಹೇಳದಿದ್ದರೂ ಉಪವಾಸವಿರುತ್ತಾರೆ. ನಮ್ಮ ಮನೆಯಲ್ಲಿ ಶ್ರಾವಣ ಮಾಡುವುದಿಲ್ಲ, ಅಪ್ಪನ ಕಾಲಕ್ಕೇ ಬುದ್ಧನ ಫೋಟೋ ಇಟ್ಟವರು ನಾವು. ಸೋಮವಾರಗಳಂದು ಲ್ಯಾಬಿನ ಗೆಳತಿಯರು ಡಬ್ಬಿ ಬಿಚ್ಚುತ್ತಿರಲಿಲ್ಲ, ನನಗೆ ಗೊತ್ತಿದ್ದ ಶ್ರಾವಣ ಅಷ್ಟೇ. ಡಾಕ್ಟರಿಗೆ ಹೇಳಿದೆ. "ನಿಮ್ಮ ತಲಿ ಅಂದ್ರ ತಲಿ ಅಕ್ಕಾ," ಎಂದರು. ಹೆಮ್ಮೆಯಿಂದ ಉಬ್ಬಿಹೋದೆ.

ಆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಕೋಣೆಯಲ್ಲಿ ಟೇಬಲ್ ಹಾಕಿದೆವು. ನಡಿಗೆಯ ಗುಂಪು ಒಟ್ಟಿಗೇ ಬಂತು. ಒಬ್ಬರೂ ತಿಂದಿರಲಿಲ್ಲ, ನೀರು ಬಿಟ್ಟು ಏನೂ ಕುಡಿದಿರಲಿಲ್ಲ. "ಎರಡು ದಿನ ವ್ಯಾಯಾಮ ಬಿಟ್ಟೀರೇನ್ರೀ?" ಎಂದು ಕೇಳಿದೆ. "ಬಿಟ್ಟೀವ್ರಿ, ಮೈದಾನದ ಕಡಿ ಹಾದಿಲ್ಲ," ಎಂದು ಶರಣಪ್ಪ ಎಲ್ಲರ ಪರವಾಗಿ ಹೇಳಿದರು. ಅರ್ಧ ಗಂಟೆ ಕೂರಿಸಬೇಕಿತ್ತು. ಅವರು ತೋಳು ಮಡಚಿ ಸಾಲಾಗಿ ನಿಂತೇಬಿಟ್ಟಿದ್ದರು. ನನಗೂ ಕೈ ತಡೆಯಲಿಲ್ಲ. ಹತ್ತು ನಿಮಿಷಕ್ಕೇ ಶುರು ಮಾಡಿದೆ. ನರಗಳು ಎಷ್ಟು ಚೆನ್ನಾಗಿ ಉಬ್ಬಿದ್ದವೆಂದರೆ ರಬ್ಬರ್ ಪಟ್ಟಿಯೇ ಬೇಡ ಅನ್ನುವ ಹಾಗೆ. ತೋಳುಗಳು ಬೆಚ್ಚಗಿದ್ದವು. ಒಬ್ಬರದೂ ಎರಡನೇ ಸಲ ಚುಚ್ಚಲಿಲ್ಲ. ಕಾಲುಗಳ ಮೇಲೆ ಮೊಣಕಾಲಿನವರೆಗೆ ಧೂಳಿತ್ತು, ಅದನ್ನೂ ಕಂಡೆ. ಕಂಡೆನೇ ಹೊರತು ಕೇಳಲಿಲ್ಲ.

ಪರೀಕ್ಷೆಯ ತಟ್ಟೆಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಒಬ್ಬೊಬ್ಬರ ಸೀರಂ ಒಂದೊಂದು ಗುಳಿಗೆ. ಮೊದಲು ನೀಲಿ, ಆಮೇಲೆ ಹಳದಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಪ್ರೋಟೀನು ಹೆಚ್ಚು. ಮಾನ್ವಿಯ ನಡಿಗೆಯವರ ಸಾಲು ಬರಿಗಣ್ಣಿಗೇ ಬೇರೆಯಾಗಿ ಕಂಡಿತು. ದೇವದುರ್ಗದ ನಡಿಗೆಯವರದು ಅಲ್ಪಸ್ವಲ್ಪ ಏರಿತ್ತು. ಮಾನ್ವಿಯವರದು ದಂಡಿಯಾಗಿ ಏರಿತ್ತು. ಡಾಕ್ಟರು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ವಿಭಾಗದ ಮುಖ್ಯಸ್ಥರು ಬಂದು ನೋಡಿ, ಬೇಗ ಬರೆದು ಮುಗಿಸಿ ಎಂದರು. ಆ ಅವಸರಕ್ಕೆ ಕಾರಣವಿತ್ತು. ಕಾಲೇಜಿನಲ್ಲಿ ಒಂದು ಕಾಯಂ ಬೋಧಕ ಹುದ್ದೆ ಖಾಲಿಯಾಗಿತ್ತು. ಅರ್ಜಿಯ ಕೊನೆಯ ದಿನದೊಳಗೆ ಪ್ರಬಂಧ ಸಲ್ಲಿಸಿದರೆ ಭಾಗ್ಯಶ್ರೀಗೆ ಅದು ಹೆಚ್ಚುಕಡಿಮೆ ಸಿಕ್ಕ ಹಾಗೆಯೇ. ರಾಯಚೂರಿನಲ್ಲೇ ಕೆಲಸ, ಅವ್ವನನ್ನು ಕೂಲಿ ಬಿಡಿಸಿ ಕರೆದುಕೊಂಡು ಬರುತ್ತೇನೆ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು.

ಐದು ವಾರ ಕಳೆದ ಮೇಲೆ ಸಕ್ಕರೆ, ಹಿಮೋಗ್ಲೋಬಿನ್ ವರದಿಗಳನ್ನು ಹಂಚಲು ನಾನೊಬ್ಬಳೇ ಮಾನ್ವಿಗೆ ಹೋದೆ. ಶರಣಪ್ಪನವರ ಮನೆಯಲ್ಲಿ ಅವರ ಹೆಂಡತಿ ಪಾರ್ವತಮ್ಮ ಚಹಾ ಕೊಟ್ಟು, ನಗುತ್ತಲೇ ದೂರು ಶುರು ಮಾಡಿದರು.

"ನಿಮ್ಮ ವ್ಯಾಯಾಮ ಇವರನ್ನ ಕೆಡಸೇತ್ರೀ. ಪ್ರತಿ ವರ್ಷ ಶ್ರಾವಣಕ್ಕ ಹಿರೇಕೊಟ್ನೆಕಲ್ ದಾರಿಯಾಗಿನ ಗುಡಿಗೆ ಜೀಪಿನ್ಯಾಗ ಹೋಗೋರು. ಈ ಸಲ ಕಾಲಿಗೆ ಬಲ ಬಂದಾದ ಅಂತ ಬರಿಗಾಲಲೇ ನಡದಾರ. ಮೂರಕ್ಕ ಎದ್ದು ಹೋಗಿ, ದರ್ಶನ ಮಾಡಿ, ಹಂಗ ನಡಕೊಂತ ಸೀದಾ ನಿಮ್ಮ ಕಡಿ ಸೂಜಿ ಚುಚ್ಚಿಸ್ಕೊಳ್ಳಾಕ ಬಂದಾರ. ಅಂಗಾಲ ತುಂಬ ಬೊಬ್ಬಿ."

ಕಪ್ಪು ಬಸಿಯನ್ನು ಕೆಳಗಿಟ್ಟೆ.

"ಯಾರ್ಯಾರು ನಡದಿದ್ರಿ?" ಎಂದು ಶರಣಪ್ಪನವರನ್ನು ಕೇಳಿದೆ.

"ನಮ್ಮ ಗುಂಪು ಅಷ್ಟೂ ಮಂದಿ. ಆ ಕೂತ ಗುಂಪಿನೋರು ಎಲ್ಲಿ ನಡೀತಾರ, ಅವರು ಜೀಪಿನ್ಯಾಗ ಬಂದ್ರು," ಎಂದು ಹೆಮ್ಮೆಯಿಂದ ಹೇಳಿದರು.

"ಅಲ್ರೀ ಸಾವ್ಕಾರ್ರೇ, ಎರಡು ದಿನ ವ್ಯಾಯಾಮ ಮಾಡಬ್ಯಾಡ್ರಿ ಅಂತ ಹೇಳಿದ್ದೆ. ಮಾಡಿಲ್ಲ ಅಂತ ನೀವ ಹೇಳಿದ್ರಿ!"

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಮಾಡಿಲ್ಲಲ್ರೀ. ಅದು ವ್ಯಾಯಾಮ ಹೆಂಗಾಗ್ತದ? ದೇವ್ರಿಗೆ ಹೋಗಿದ್ವಿ."

ಸುಳ್ಳು ಹೇಳಿರಲಿಲ್ಲ ಅವರು. ತಪ್ಪು ನನ್ನದು. ದಿನ ಆರಿಸಿದವಳು ನಾನು, ಧೂಳಿನ ಕಾಲು ಕಂಡೂ ಕೇಳದವಳು ನಾನು, ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದವಳೂ ನಾನೇ. ಆ ಹಳದಿ ಬಣ್ಣ ಬರೀ ಹನ್ನೆರಡು ವಾರದ್ದಲ್ಲ, ಒಂದು ಬೆಳಗಿನ ನಡಿಗೆಯದೂ ಅದರಲ್ಲಿ ಬೆರೆತಿತ್ತು. ಹನ್ನೆರಡು ವಾರದ್ದು ಎಷ್ಟು, ಆ ಬೆಳಗಿನದು ಎಷ್ಟು ಎಂದು ಇನ್ನು ಯಾವ ಯಂತ್ರವೂ ಬೇರೆ ಮಾಡಿ ಹೇಳಲಾರದು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ನಿವೃತ್ತಿಗೆ ಒಂದು ತಿಂಗಳಿತ್ತು. ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಮಾಳಿಗೆಗೆ ತಿರುಗಿದ್ದೇ ತಿರುಗಿದ್ದು. ನನ್ನ ಗಂಡ ಬಸ್ ಕಂಡಕ್ಟರ್ ಆಗಿದ್ದವರು, ಓಡಾಡುವವರನ್ನು ಕಂಡರೆ ಆಗದು. "ಏನಾಗ್ಯಾದ ನಿಂಗ? ಒಂದ್ ಕಡಿ ಕುಂದ್ರು," ಎಂದು ರೇಗಿದರು. ಹೇಳಿದರೆ ಆ ಹುಡುಗಿಯ ಹುದ್ದೆ ಹೋಗುತ್ತದೆ. ಹೇಳದಿದ್ದರೆ ಒಂದು ಸುಳ್ಳು ಅವಳ ಹೆಸರಿನ ಕೆಳಗೆ ಅಚ್ಚಾಗಿ ಕೂರುತ್ತದೆ, ಅದು ಅವಳಿಗೆ ಗೊತ್ತೂ ಇರುವುದಿಲ್ಲ. ಹೇಳದಿರಲು ನನಗೆ ಆಸೆ ಇತ್ತು, ಮುಚ್ಚಿಡುವುದೇಕೆ. ಅವಳಿಗಾಗಿ ಮಾತ್ರವಲ್ಲ, ನನಗಾಗಿಯೂ. ಬೀಳ್ಕೊಡುಗೆಯ ದಿನ ಎಲ್ಲರೂ ನಾಗಮ್ಮನ ಕೈ ತಪ್ಪಿದ್ದಿಲ್ಲ ಎಂದು ಹೇಳುವುದನ್ನು ಕೇಳಬೇಕಿತ್ತು ನನಗೆ.

ಐದನೆಯ ದಿನ ಡಾಕ್ಟರು ಪ್ರಬಂಧದ ಮೊದಲ ಪ್ರತಿಯನ್ನು ತಂದು, "ಅಕ್ಕಾ, ರಕ್ತ ತಗದ ಪದ್ಧತಿ ಬರೋಬ್ಬರಿ ಬರ್ದೀನೇನು, ಓದ್ರಿ," ಎಂದು ನನ್ನ ಮುಂದಿಟ್ಟರು. ಎಲ್ಲರನ್ನೂ ಅರ್ಧ ಗಂಟೆ ವಿಶ್ರಾಂತಿಯಲ್ಲಿ ಕೂರಿಸಲಾಯಿತು ಎಂದು ಬರೆದಿತ್ತು. ಆ ಸಾಲಿನ ಮೇಲೆ ಬೆರಳಿಟ್ಟೆ. ಎಲ್ಲ ಹೇಳಿದೆ.

ಅವರು ಪ್ರತಿಯನ್ನು ತಮ್ಮ ಕಡೆ ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ಇದು ಮತ್ತ ಯಾರಿಗೆ ಗೊತ್ತದ?"

"ಯಾರಿಗೂ ಇಲ್ರೀ. ನಿಮಗ, ನಂಗ."

ಪ್ರತಿ ಎತ್ತಿಕೊಂಡು ಎದ್ದು ಹೋದರು. ಎರಡು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಮೂರನೆಯ ದಿನ ಮುಖ್ಯಸ್ಥರ ಕೋಣೆಯಿಂದ ಮಾತು ಹೊರಗೆ ಕೇಳಿಸಿತು. "ಏರಿದ್ದಂತೂ ನಿಜ ತಾನೇ ಅಮ್ಮಾ? ಗುಡಿಗೆ ಹೋಗಿದ್ದನ್ನ ಯಾರು ಕೇಳ್ತಾರೆ?" ಎಂದು ಅವರು. "ನಾನ ಕೇಳ್ತೀನ್ರೀ ಸರ್," ಎಂದು ಭಾಗ್ಯಶ್ರೀ. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. ನನ್ನ ಮುಂದೆ ನಿಂತು, "ಇನ್ನೂ ಯಾರ್ಯಾರು ನಡ್ಯಾಕತ್ತಾರ ಕೇಳ್ರಿ. ಮತ್ತೊಮ್ಮಿ ತಗಿಯೂಣು," ಎಂದರು.

ಮುಕ್ಕಾಲುಪಾಲು ಜನ ಇನ್ನೂ ನಡೆಯುತ್ತಿದ್ದರು. ಒಂದು ಬುಧವಾರ ಅವರನ್ನು ಕರೆಸಿದೆವು. ಗಡಿಯಾರ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂರಿಸಿದೆ. ಶರಣಪ್ಪ ಕುರ್ಚಿಯಲ್ಲಿ ಹೊರಳಾಡಿದರು. "ನಡಿ ಅಂದ್ರ ನಡೀತೀನಿ ತಾಯಿ, ಹಿಂಗ ಕುಂದ್ರೂದು ಆಗಂಗಿಲ್ಲ," ಎಂದರು. ನನಗೂ ಆಗದು. ಆದರೂ ಅವರೆದುರು ನಾನೂ ಕೂತೆ. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಅಷ್ಟು ಉದ್ದದ ಅರ್ಧ ಗಂಟೆಯನ್ನು ನಾನು ಕಂಡಿರಲಿಲ್ಲ. ನರಗಳು ಅವತ್ತು ಅಷ್ಟು ಸುಲಭವಾಗಿ ಸಿಗಲಿಲ್ಲ. ಇಬ್ಬರಿಗೆ ಎರಡು ಸಲ ಚುಚ್ಚಬೇಕಾಯಿತು.

ಪರೀಕ್ಷೆಯ ಹೊಸ ಕಿಟ್ ಬರುವಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಬೀಳ್ಕೊಡುಗೆಯಲ್ಲಿ ನಾಗಮ್ಮನ ಕೈ ತಪ್ಪಿದ್ದಿಲ್ಲ ಎಂದು ಮುಖ್ಯಸ್ಥರು ಹೇಳಿದಾಗ ತಲೆ ತಗ್ಗಿಸಿದೆ. ಆ ತಟ್ಟೆಯ ಪರೀಕ್ಷೆ ನಡೆಸುವ ದಿನ ಹೊರಗಿನವಳ ಹಾಗೆ ಲ್ಯಾಬಿಗೆ ಹೋಗಿ ಬಾಗಿಲ ಹತ್ತಿರ ನಿಂತೆ. ಕೈಗೆ ಕೆಲಸವಿಲ್ಲ, ಎಲ್ಲಿಡಬೇಕೋ ತಿಳಿಯದು. ಬಣ್ಣ ಬಂತು. ತೆಳು ಹಳದಿ. ಏರಿತ್ತು, ಆದರೆ ದೇವದುರ್ಗದವರ ಹಾಗೆಯೇ ಸ್ವಲ್ಪ. ಕೆಲವರದು ಏರಿಯೇ ಇರಲಿಲ್ಲ. ಡಾಕ್ಟರು ಅದನ್ನೇ ಬರೆದರು. ಮೊದಲ ಸಲದ ರಕ್ತ ಯಾಕೆ ಕೈಬಿಟ್ಟೆವು ಎಂಬುದನ್ನೂ ಬರೆದರು. ಪ್ರಬಂಧ ತಡವಾಯಿತು, ಹುದ್ದೆ ಬೇರೆಯವರ ಪಾಲಾಯಿತು. ಅವರು ದೂರದ ಊರಿನ ಕಾಲೇಜೊಂದಕ್ಕೆ ವರ್ಷದ ಕರಾರಿನ ಮೇಲೆ ಹೋದರು. ಅವರ ಅವ್ವ ಇನ್ನೂ ಮಲ್ಲಟದಲ್ಲೇ, ಇನ್ನೂ ಕೂಲಿಗೆ.

ಅವರು ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಬೈದಿದ್ದರೆ ನಾನು ಸುಮ್ಮನೆ ಕೂರುತ್ತಿದ್ದೆನೇನೋ. ಈ ಎರಡು ವರ್ಷ ಮನೆಯ ಮಾಳಿಗೆ ಸವೆಸಿದ್ದು ಅದಕ್ಕೇ. ಹೇಳಿದ್ದು ಸರಿ ಎಂದು ನನಗೆ ಗೊತ್ತು. ಆದರೆ ಅದರ ಪೆಟ್ಟು ತಿಂದವರು ಅವರು, ನಾನಲ್ಲ.

ಮೊನ್ನೆ ಬೆಳಿಗ್ಗೆ ಫೋನು ಬಂತು.

"ನಾಗಮ್ಮಕ್ಕಾ, ಹೊಸಾದೊಂದು ಶುರು ಮಾಡಾಕತ್ತೀನಿ. ಮತ್ತ ಮಾನ್ವಿ, ದೇವದುರ್ಗ. ಈ ಸಲ ಒಂದ್ ವರ್ಷ ನಡಸ್ತೀನಿ. ರಕ್ತ ತಗಿಯೋ ದಿನ ನೀವ ಆರಿಸಿಕೊಡ್ರಿ."

"ನಾನಾ? ಹೋದ ಸಲ ಆರಿಸಿದ್ದು ಮರ್ತ್ರೇನವ್ವಾ?"

"ಮರ್ತಿಲ್ರೀ. ಅದಕ್ಕ ನಿಮಗ ಹೇಳಾಕತ್ತೀನಿ."

ಫೋನು ಇಟ್ಟು ಅತ್ತೆ. ಗಂಡ ಗಾಬರಿಯಾಗಿ ಯಾರಿಗೆ ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಎಂದು ಕಣ್ಣೊರೆಸಿಕೊಂಡು ಗೋಡೆಯ ಕ್ಯಾಲೆಂಡರ್ ಇಳಿಸಿದೆ. ಹಬ್ಬ, ಅಮಾವಾಸ್ಯೆ, ಉರುಸು, ಸಂತೆ ಎಲ್ಲ ನೋಡುತ್ತ ಒಂದು ದಿನದ ಮೇಲೆ ಬೆರಳಿಟ್ಟೆ. ಆಮೇಲೆ ಬೆರಳು ತೆಗೆದೆ. ಆ ದಿನ ಮಾನ್ವಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತದೆ ಎಂದು ಆ ಹಾಳೆಯಲ್ಲಿ ಬರೆದಿರಲಿಲ್ಲ. ಕ್ಯಾಲೆಂಡರನ್ನು ಮೊಳೆಗೆ ತೂಗುಹಾಕಿ, ಪಾರ್ವತಮ್ಮನವರ ಮನೆಯಿಂದಲೇ ಕೇಳಲು ಶುರು ಮಾಡೋಣ ಎಂದುಕೊಂಡು ಹತ್ತು ಗಂಟೆಯ ಮಾನ್ವಿ ಬಸ್ಸಿಗೆ ಹೊರಟೆ.